ಗುಲಗಂಜಿಯ ನಂಜು, ಜೀವಕೋಶದ ನಡಿಗೆ

ನಂಜು ಎಂದರೆ ವಿಷ. ವಿಷವನ್ನುಂಡ ದೇವರು ನಂಜುಂಡ. ಅವನು ನೆಲಸಿದ ಊರು ನಂಜನಗೂಡು. ಆ ಊರಿನ ಮಗ್ಗುಲಲ್ಲಿ ಹರಿಯುವ ಕಪಿಲೆ ಮುಂದೆ ಸಾಗಿ ತಿರುಮಕೂಡಲು ನರಸೀಪುರದ ಬಳಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಯ ದೇವರು ಗುಂಜಾ ನರಸಿಂಹ. ಗುಂಜೆ ಎಂದರೆ ನಮ್ಮ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಅಲ್ಲಿಯ ಪ್ರತೀತಿ. ಒಂದು ಊರಿನ ಹೆಸರಿನಲ್ಲಿ ನಂಜು, ಇನ್ನೊಂದು ಊರಿನ ದೇವರ ಹೆಸರಿನಲ್ಲಿ ನಂಜಿನ ಬೀಜ. ಸ್ಥಳಪುರಾಣವನ್ನು ವಿಜ್ಞಾನವೆಂದು ಸಾಧಿಸುವ ಚಪಲ ನನಗಿಲ್ಲ. ಆದರೆ ಅರ್ಬುದ ರೋಗವು ಮೈಯೊಳಗೆ ಹೇಗೆ ಊರಿಂದೂರಿಗೆ ನಡೆಯುತ್ತದೆ ಎಂಬ ವಿಚಾರದ ಚರಿತ್ರೆಯನ್ನು ಅರಸುತ್ತ ಹೋದ ನನಗೆ ದಾರಿಯ ಮೊದಲಲ್ಲೇ ಎದುರಾದದ್ದು ಈ ಗುಲಗಂಜಿ.

ಬಾಲ್ಯದ ಒಂದು ನೆನಪನ್ನು ಮೊದಲು ಹೇಳಿಬಿಡುತ್ತೇನೆ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮನಿಗೆ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ನೋವಿಲ್ಲದ ಗಂಟು, ಆದ್ದರಿಂದ ಆಕೆ ಬಹುಕಾಲ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಮನೆಯವರು ಮೊದಲು ಮಾಡಿದ್ದು ನಂಜುಂಡೇಶ್ವರನಿಗೆ ಹರಕೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಟಿಪ್ಪು ಸುಲ್ತಾನನ ಆನೆಗೆ ಹೋಗಿದ್ದ ಕಣ್ಣು ಮರಳಿ ಬಂದುದು ಈ ದೇವರ ದಯೆಯಿಂದ ಎಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ ಅವನನ್ನು ಹಕೀಮ್ ನಂಜುಂಡ ಎಂದು ಕರೆದನೆಂದೂ ಕೇಳುತ್ತ ಬೆಳೆದವರು ನಾವು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದದ್ದು 1973ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೆ ಹಿಂದಿನ ಮಾತು. ವೈದ್ಯರೊಬ್ಬರು ಗಂಟನ್ನು ಕೂಡಲೇ ತೆಗೆಸಬೇಕೆಂದರು. ಮನೆಯ ಹಿರಿಯರು, “ಬ್ಯಾಡ, ಕತ್ತಿ ತಾಗಿದರೆ ನಂಜು ಮೈಗೆಲ್ಲ ಹರಡ್ತದೆ” ಎಂದರು.

ಆ ಮಾತಿನಲ್ಲಿ ಒಂದು ಸತ್ಯವೂ ಒಂದು ಸುಳ್ಳೂ ಬೆರೆತಿದ್ದುವು. ಅರ್ಬುದದ ಗಂಟು ಹುಟ್ಟಿದ ಕಡೆಯೇ ನಿಲ್ಲದೆ ಹರಡುತ್ತದೆ ಎಂಬುದು ಸತ್ಯ. ಹರಡಲು ಅದು ಕತ್ತಿಯನ್ನು ಕಾದಿರುತ್ತದೆ ಎಂಬುದು ಸುಳ್ಳು. ಹೊರಡುವುದಕ್ಕೆ ಬೇಕಾದ ಸಾಧನವೆಲ್ಲ ಆ ಜೀವಕೋಶದ ಮೈಮೇಲೆಯೇ ಇರುತ್ತದೆ. ಈ ಸಂಗತಿ ತಿಳಿದುಬರಲು ಮನುಷ್ಯನಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಇನ್ನು ಗುಲಗಂಜಿಗೆ ಬರೋಣ. ಬೇಲಿಯ ಮೇಲೆ ಹಬ್ಬುವ ಬಳ್ಳಿ, ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟಂಥ ಬೀಜ. ಅಕ್ಕಸಾಲಿಗನ ತಕ್ಕಡಿಯಲ್ಲಿ ಅದು ತೂಕ. ವೈದ್ಯನ ಗ್ರಂಥದಲ್ಲಿ ಅದು ಉಪವಿಷ, ಶುದ್ಧಿ ಮಾಡದೆ ಮುಟ್ಟಬಾರದ ವಸ್ತು. ಸಿಪ್ಪೆ ಒಡೆಯದೆ ನುಂಗಿದ ಬೀಜ ಬಹುಮಟ್ಟಿಗೆ ಹಾಗೆಯೇ ಹೊರಬೀಳುವುದುಂಟು. ಅಗಿದರೆ ಪ್ರಾಣಕ್ಕೇ ಅಪಾಯ. ಅಳಗುಳಿಮಣೆಯ ಆಟಕ್ಕೆಂದು ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡುವವರು ಈ ಮಾತನ್ನು ನೆನಪಿಡಬೇಕು. ಪ್ಯಾರಿಸಿನ ಕಣ್ಣಿನ ವೈದ್ಯ ಲೂಯಿ ದ ವೆಕೆರ್ 1882ರಲ್ಲಿ, ಬ್ರೆಜಿಲಿನ ಜನರ ಮದ್ದನ್ನು ಅನುಸರಿಸಿ, ರೆಪ್ಪೆಯೊಳಗಿನ ಹಳೆಯ ವ್ರಣಗಳಿಗೆ ಗುಲಗಂಜಿ ನೆನೆಸಿದ ನೀರನ್ನು ಬಳಕೆಗೆ ತಂದ. ಹೀಗೆ ನಮ್ಮ ಬೇಲಿಯ ಬೀಜ ಯೂರೋಪಿನ ಪ್ರಯೋಗಶಾಲೆಗಳನ್ನು ಹೊಕ್ಕಿತು. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಎಸ್ಟೋನಿಯದಲ್ಲಿರುವ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಅದರ ವಿಷವನ್ನು ಪರೀಕ್ಷಿಸಿದರು. ಆ ವಿಷದ ಹೆಸರು ಆಬ್ರಿನ್. ಹರಳುಬೀಜದ ವಿಷವಾದ ರಿಸಿನ್ ಅದರ ಹತ್ತಿರದ ಬಂಧು.

1891ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಏರ್ಲಿಕ್ ಎಂಬ ವೈದ್ಯ ಈ ಎರಡು ವಿಷಗಳನ್ನು ಕೈಗೆತ್ತಿಕೊಂಡ. ಇಲಿಗಳಿಗೆ ತಿನಿಸಿನಲ್ಲಿ ಬೆರಸಿ, ಮೊದಲು ಅತ್ಯಲ್ಪ, ಆಮೇಲೆ ದಿನದಿನಕ್ಕೆ ಸ್ವಲ್ಪ ಹೆಚ್ಚು, ಹೀಗೆ ಉಣಿಸುತ್ತ ಹೋದ. ಕೆಲವು ವಾರಗಳಲ್ಲಿ, ಮೊದಲಾಗಿದ್ದರೆ ಕೊಂದೇ ಬಿಡುತ್ತಿದ್ದಷ್ಟು ವಿಷವನ್ನು ಅವು ಅರಗಿಸಿಕೊಂಡವು. ನಂಜುಂಡ ಇಲಿಗಳು! ಆದರೆ ವಿಶೇಷ ಇದಲ್ಲ. ಹರಳಿನ ವಿಷಕ್ಕೆ ಒಗ್ಗಿದ ಇಲಿ ಗುಲಗಂಜಿಯ ವಿಷಕ್ಕೆ ಸತ್ತಿತು. ಗುಲಗಂಜಿಗೆ ಒಗ್ಗಿದ್ದು ಹರಳಿಗೆ ಸತ್ತಿತು. ಎರಡೂ ಒಂದೇ ಬಗೆಯ ವಿಷ. ಆದರೂ ದೇಹ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಗುರುತಿಸುವುದು ಹೇಗೆ? ಯಾವುದರಿಂದ?

ಮುಂದೆ ಡಿಫ್ತೀರಿಯದ ಪ್ರತಿವಿಷವನ್ನು ಅಳೆಯುವ ಕೆಲಸದಲ್ಲಿದ್ದಾಗ, 1897ರಲ್ಲಿ, ಅವನು ತನ್ನ ಉತ್ತರವನ್ನು ಮುಂದಿಟ್ಟ. ಜೀವಕೋಶದ ಮೇಲೆ ಅಂಚಿನ ಸರಪಣಿಗಳಂತಹ ರಚನೆಗಳಿವೆ. ಕೀಲಿಕೈಗೆ ಬೀಗದಂತೆ ಒಂದೊಂದು ವಸ್ತುವಿಗೆ ಒಂದೊಂದು ಹೊಂದುತ್ತದೆ. ಹೊಂದಿಕೊಂಡ ಮೇಲೆಯೇ ವಿಷ ಕೆಲಸ ಮಾಡಬಲ್ಲದು ಎಂದ. 1900ರಲ್ಲಿ ಇದಕ್ಕೆ ಅವನಿಟ್ಟ ಹೆಸರು ರಿಸೆಪ್ಟರ್. ಕನ್ನಡದಲ್ಲಿ ಗ್ರಾಹಕ ಎನ್ನುತ್ತೇವೆ. ಅಂಗಡಿಯ ಗಿರಾಕಿಗೂ ಅದೇ ಹೆಸರಾದುದರಿಂದ ಸ್ವಲ್ಪ ಗೊಂದಲ; ಬಾಗಿಲಲ್ಲಿ ನಿಂತು ಬಂದವರನ್ನು ಗುರುತು ಹಿಡಿಯುವವನು ಎಂದುಕೊಂಡರೆ ಸಾಕು. ಯಾರೂ ಕಣ್ಣಿಂದ ಕಾಣದ ಆ ಗ್ರಾಹಕವನ್ನು ಎಷ್ಟೋ ಜನ ಕಟ್ಟುಕಥೆ ಎಂದು ನಕ್ಕರು. ಗುಲಗಂಜಿಯ ವಿಷ ಅವನು ಹೇಳಿದಂತೆಯೇ ನಡೆದುಕೊಳ್ಳುತ್ತದೆ ಎಂಬುದು ಬಹಳ ವರ್ಷಗಳ ಅನಂತರ ಸ್ಪಷ್ಟವಾಯಿತು. ಆಬ್ರಿನ್ನಿನಲ್ಲಿ ಎರಡು ಭಾಗ. ಒಂದು ಭಾಗ ಜೀವಕೋಶದ ಹೊರಮೈಯಲ್ಲಿರುವ ಗ್ಯಾಲಕ್ಟೋಸ್ ಸಕ್ಕರೆಯನ್ನು ಹೊತ್ತ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತದಿಂದ ಒಳಹೊಕ್ಕ ಇನ್ನೊಂದು ಭಾಗ ಪ್ರೋಟೀನು ತಯಾರಾಗುವ ಕಾರ್ಖಾನೆಯನ್ನೇ ನಿಲ್ಲಿಸುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಜಲಿ ಕಾರಂಡೆಯವರೂ ಅವರ ಸಂಗಡಿಗರೂ ಆಬ್ರಿನ್ನನ್ನು ತಡೆದು ಇಲಿಗಳ ಪ್ರಾಣವನ್ನುಳಿಸುವ ಪ್ರತಿಕಾಯವೊಂದನ್ನು ರೂಪಿಸಿದರು. ಏರ್ಲಿಕ್ ಬದುಕಿದ್ದರೆ ಸಂತೋಷಪಡುತ್ತಿದ್ದ.

ಏರ್ಲಿಕ್‌ಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ಹಂಚಿಕೊಂಡ ಇನ್ನೊಬ್ಬ ರಷ್ಯಾದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಅವನು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು, ಮರುದಿನ ಬೆಳಿಗ್ಗೆ ನೋಡಿದಾಗ ಅಲೆದಾಡುವ ಜೀವಕೋಶಗಳು ಬಂದು ಮುಳ್ಳನ್ನು ಮುತ್ತಿದ್ದವು. ಜೀವಕೋಶ ನಡೆಯುತ್ತದೆ, ಅದೂ ಗುರಿಯಿಟ್ಟು ನಡೆಯುತ್ತದೆ ಎಂಬುದಕ್ಕೆ ಅದೊಂದು ಸೊಗಸಾದ ಸಾಕ್ಷಿ. ಒಬ್ಬ ಗ್ರಾಹಕವನ್ನು ಕಂಡ, ಒಬ್ಬ ನಡಿಗೆಯನ್ನು ಕಂಡ. ಇಬ್ಬರ ಪಕ್ಷದವರೂ ತಮ್ಮ ತಮ್ಮ ಸಿದ್ಧಾಂತವೇ ಮೇಲೆಂದು ಹೋರಾಡಿದರು. ಆ ನಡಿಗೆಗೆ ಈ ಗ್ರಾಹಕವೇ ದಾರಿ ತೋರುತ್ತಿರಬಹುದೆಂದು ಅಂದು ಯಾರಿಗೂ ಹೊಳೆಯಲಿಲ್ಲ.

ಅರ್ಬುದದ ಕಡೆಯಿಂದ ಈ ಪ್ರಶ್ನೆಗೆ ಕೈಹಾಕಿದವನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. ಎದೆಯ ಅರ್ಬುದದಿಂದ ಸತ್ತ 735 ಜನರ ಶವಪರೀಕ್ಷೆಯ ದಾಖಲೆಗಳನ್ನು ಅವನು ಕಲೆಹಾಕಿ 1889ರಲ್ಲಿ ಪ್ರಕಟಿಸಿದ. ಯಕೃತ್ತಿನಲ್ಲಿ ರೋಗ ಬೇರುಬಿಟ್ಟಿದ್ದುದು 241 ಜನರಲ್ಲಿ. ಗುಲ್ಮದಲ್ಲಿ ಕೇವಲ 17 ಜನರಲ್ಲಿ. ಗುಲ್ಮಕ್ಕೇನು ರಕ್ತ ಕಡಿಮೆ ಹರಿಯುತ್ತದೆಯೆ? ಇಲ್ಲ. ಹಾಗಾದರೆ ರಕ್ತ ಒಯ್ದುಬಿಟ್ಟ ಕಡೆಯೆಲ್ಲ ರೋಗ ಬೆಳೆಯುತ್ತದೆಂಬುದು ಸರಿಯಲ್ಲ. ಬೀಜ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದ ಪ್ಯಾಜೆಟ್. ಕಪಿಲೆಯ ನೆರೆ ಇಳಿದ ಮೇಲೆ ದಂಡೆಯನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ನಂಜನಗೂಡಿನ ಸ್ನಾನಘಟ್ಟದಿಂದ ನರಸೀಪುರದ ಕೂಡಲಿನವರೆಗೆ ಅದೇ ನೀರು ಅದೇ ಜೊಂಡಿನ ಬೀಜವನ್ನು ಹೊತ್ತು ಹರಿಯುತ್ತದೆ. ಜೊಂಡು ಹುಟ್ಟುವುದು ಮೆಕ್ಕಲು ನಿಂತ ಮಗ್ಗುಲುಗಳಲ್ಲಿ, ಬಂಡೆಯ ಮೇಲಲ್ಲ. ಅಮೆರಿಕದ ಜೇಮ್ಸ್ ಯೂಯಿಂಗ್ 1928ರಲ್ಲಿ ಇದನ್ನು ಒಪ್ಪದೆ, ಹರಿವಿನ ದಾರಿಯೇ ಎಲ್ಲವನ್ನೂ ವಿವರಿಸಬಲ್ಲದೆಂದ. ಅವನ ಮಾತಿನಲ್ಲೂ ಹುರುಳಿತ್ತು. ಪ್ಯಾಜೆಟ್ ಬಹುಕಾಲ ಮರೆವಿಗೆ ಸಂದ.

ಮಣ್ಣಿನ ಹದವೆಂದರೇನೆಂದು ಹೆಸರಿಟ್ಟು ತೋರಿಸಿದ್ದು 2001ರಲ್ಲಿ. ಕ್ಯಾಲಿಫೋರ್ನಿಯದ ಆಲ್ಬರ್ಟ್ ಜ್ಲಾಟ್ನಿಕ್ ಮತ್ತು ಸಹೋದ್ಯೋಗಿಗಳು ಎದೆಯ ಅರ್ಬುದದ ಜೀವಕೋಶಗಳ ಮೇಲೆ ಸಿ.ಎಕ್ಸ್.ಸಿ.ಆರ್.4 ಎಂಬ ಗ್ರಾಹಕ ಪ್ರೋಟೀನು ಹೇರಳವಾಗಿರುವುದನ್ನು ಕಂಡರು. (ಈ ಹೆಸರುಗಳ ಕರ್ಕಶತೆಗೆ ಕ್ಷಮೆಯಿರಲಿ, ವಿಜ್ಞಾನಿಗಳು ನಾಮಕರಣಕ್ಕೆ ಕವಿಗಳನ್ನು ಕರೆಯುವುದಿಲ್ಲ.) ಅದಕ್ಕೆ ಹೊಂದುವ ರಾಸಾಯನಿಕವನ್ನು ಹೆಚ್ಚಾಗಿ ಸೂಸುವ ತಾಣಗಳು ಯಾವುವು? ದುಗ್ಧಗ್ರಂಥಿ, ಶ್ವಾಸಕೋಶ, ಯಕೃತ್ತು, ಮೂಳೆಯ ಮಜ್ಜೆ. ಎದೆಯ ಅರ್ಬುದ ಹೋಗಿ ನೆಲಸುವ ತಾಣಗಳೂ ಅವೇ! ಗ್ರಾಹಕವನ್ನು ಪ್ರತಿಕಾಯದಿಂದ ಮುಚ್ಚಿದಾಗ ಇಲಿಗಳಲ್ಲಿ ಶ್ವಾಸಕೋಶಕ್ಕೂ ದುಗ್ಧಗ್ರಂಥಿಗಳಿಗೂ ರೋಗ ಹರಡುವುದು ಬಹಳ ತಗ್ಗಿತು.

ಈ ಗ್ರಾಹಕವೇನೂ ಹುಟ್ಟು ಖಳನಲ್ಲ. ಅದಿಲ್ಲದ ಇಲಿಮರಿಗಳ ಹೃದಯವೂ ಮಜ್ಜೆಯೂ ಸರಿಯಾಗಿ ಬೆಳೆಯದೆ ಅವು ಹುಟ್ಟುವ ಹೊತ್ತಿಗೆ ಸಾಯುತ್ತವೆಂದು 1998ರಲ್ಲೇ ತಿಳಿದಿತ್ತು. ಭ್ರೂಣದಲ್ಲಿ ಜೀವಕೋಶಗಳು ತಮ್ಮ ನೆಲೆಯನ್ನು ಸೇರುವುದು, ರಕ್ತದ ಮೂಲಕೋಶಗಳು ಮಜ್ಜೆಯನ್ನು ಬಿಡದೆ ನಿಲ್ಲುವುದು ಇದರ ಬಲದಿಂದ. ಅದು ಜೀವಕೋಶದ ಪೊರೆಯನ್ನು ಏಳು ಸಲ ಹೊಲಿದ ದಾರದಂತೆ ಒಳಗೂ ಹೊರಗೂ ಹಾದಿದೆ. ಹೊರಗಿನ ತುದಿಗೆ ಸಂದೇಶ ತಾಗಿದೊಡನೆ ಒಳಗಡೆ ಆ ಮಗ್ಗುಲಲ್ಲಿ ಆಕ್ಟಿನ್ ಎಂಬ ನೂಲುಗಳು ಹೆಣೆದುಕೊಂಡು ಜೀವಕೋಶದ ಮುಂಭಾಗವನ್ನು ಚಾಚುತ್ತವೆ. ಇಂಟೆಗ್ರಿನ್ ಎಂಬ ಬೇರೊಂದು ಕುಲದ ಗ್ರಾಹಕಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಹಿಂಭಾಗ ಸಡಿಲಗೊಂಡು ಎಳೆದುಕೊಳ್ಳುತ್ತದೆ. ಸಂದೇಶ ದಟ್ಟವಾಗಿರುವ ಕಡೆಗೇ ಹೆಜ್ಜೆ. ಮೈಯನ್ನು ಕಟ್ಟಿದ ಈ ವಿದ್ಯೆಯನ್ನೇ ಅರ್ಬುದದ ಜೀವಕೋಶ ಮೈಯನ್ನು ಕೆಡಿಸಲು ಬಳಸುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲೂ ಈ ಕಥೆಯ ಒಂದು ಎಳೆಯಿದೆ. ಅಲ್ಲಿ ಹಾವಿನ ವಿಷವನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಯಿತು. ಕಚ್ಚಿದ ಕಡೆಯಿಂದ ವಿಷ ಬೇಗ ಹರಡುವುದಕ್ಕೆ ಕಾರಣವಾದ ಒಂದು ಕಿಣ್ವ, ಜೀವಕೋಶಗಳ ನಡುವಣ ಹಯಲುರೊನಾನ್ ಎಂಬ ಅಂಟನ್ನು ಕರಗಿಸುತ್ತದೆ. ಕೆ. ಎಸ್. ಗಿರೀಶ್, ಕೆ. ಕೆಂಪರಾಜು ಅವರು 2007ರಲ್ಲಿ ಈ ಅಂಟನ್ನೂ ಅದನ್ನು ಅಳಿಸುವ ಕಿಣ್ವವನ್ನೂ ಕುರಿತು ವಿಸ್ತಾರವಾದ ಸಮೀಕ್ಷೆ ಬರೆದರು. ಆ ಅಂಟನ್ನು ಹಿಡಿಯುವ ಗ್ರಾಹಕವೂ ಜೀವಕೋಶದ ಮೇಲಿದೆ, ಹೆಸರು ಸಿ.ಡಿ.44; ಅರ್ಬುದದ ಜೀವಕೋಶದ ಚಲನೆಯಲ್ಲಿ ಅದಕ್ಕೂ ಕೈಯಿದೆ. ನಂಜು ಹರಡುವ ಬಗೆಗೂ ಏಡಿಗಂತಿ ಹರಡುವ ಬಗೆಗೂ ನಮ್ಮ ಜನ ಒಂದೇ ಮಾತನ್ನು ಬಳಸಿದ್ದು ತೀರ ಅಪ್ರಯೋಜಕವಾಗಲಿಲ್ಲ.

ಮದ್ದಿನ ವಿಷಯ ಕೇಳುವಿರಾದರೆ ಹೇಳಬೇಕಾದುದು ಸ್ವಲ್ಪವೇ. ಸಿ.ಎಕ್ಸ್.ಸಿ.ಆರ್.4ನ್ನು ಮುಚ್ಚುವ ಪ್ಲೆರಿಕ್ಸಫಾರ್ ಎಂಬ ಔಷಧ 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ಅರ್ಬುದವನ್ನು ತಡೆಯುವುದಕ್ಕಲ್ಲ. ಕೆಲವು ಬಗೆಯ ರಕ್ತಸಂಬಂಧದ ಅರ್ಬುದ ರೋಗಿಗಳ ಮೂಲಕೋಶಗಳನ್ನು ಮಜ್ಜೆಯಿಂದ ಬಿಡಿಸಿ ಸಂಗ್ರಹಿಸುವುದಕ್ಕೆ. ಎದೆಯ ಅರ್ಬುದದ ನಡಿಗೆಯನ್ನು ಈ ಒಂದು ಬಾಗಿಲು ಮುಚ್ಚಿ ನಿಲ್ಲಿಸುವುದು ಮನುಷ್ಯರಲ್ಲಿ ಇನ್ನೂ ಸಾಧ್ಯವಾಗಿಲ್ಲ. ಬಾಗಿಲುಗಳು ಹಲವು. ಜೀವಕೋಶ ಹೊರಡುವ ಮುನ್ನ ಗಂಟನ್ನು ತೆಗೆಯುವುದೇ ಇಂದಿಗೂ ಮೇಲಾದ ಉಪಾಯ.

ದೊಡ್ಡಮ್ಮನನ್ನು ಕೊನೆಗೆ ವೆಲ್ಲೂರಿಗೆ ಕರೆದೊಯ್ದರು. ಆ ಹೊತ್ತಿಗೆ ಆಕೆಗೆ ಸೊಂಟದ ನೋವು ಶುರುವಾಗಿ ಎರಡು ತಿಂಗಳಾಗಿತ್ತು. ಗಾಡಿಯಲ್ಲಿ ಕೂರಲಾರದೆ ಮಲಗಿಯೇ ಮೈಸೂರಿನವರೆಗೆ ಬಂದರು. ರೋಗ ಬೆನ್ನುಮೂಳೆಗೆ ಇಳಿದಿದೆ ಎಂದು ಅಲ್ಲಿಯವರು ಹೇಳಿದರು. ಮರುವರ್ಷದ ನಂಜನಗೂಡಿನ ದೊಡ್ಡ ಜಾತ್ರೆಗೆ ಆಕೆ ಇರಲಿಲ್ಲ. ಆ ಮೈಗೆ ಕತ್ತಿ ತಾಗಿರಲೇ ಇಲ್ಲ.