ಹಾರ್ಟ್‌ಗೆ ಅಂತ ಬಂದ ಟೆಸ್ಟ್, ಲಿವರ್ ಪಟ್ಟಿಗೆ ಸೇರಿದ್ದು ಹೇಗೆ?

ಮನೇಲಿ ಯಾರದ್ದಾದ್ರೂ ಎಲ್‌ಎಫ್‌ಟಿ ರಿಪೋರ್ಟ್ ಇದ್ರೆ ತೆಗೆದು ನೋಡಿ. ಅದರಲ್ಲಿ ಎಸ್‌ಜಿಒಟಿ ಅಂತ ಒಂದು ಸಾಲು ಇರತ್ತೆ. ನಾವೆಲ್ಲ ಅದನ್ನ ಲಿವರ್ ಟೆಸ್ಟ್ ಅಂತೀವಿ. ಆದರೆ ಅದು ಮೊದಲು ಹೆಸರು ಮಾಡಿದ್ದು ಹಾರ್ಟ್ ಅಟ್ಯಾಕ್ ಪತ್ತೆಗೆ!

1954ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಜಾನ್ ಲಾಡ್ಯೂ, ಫೆಲಿಕ್ಸ್ ವ್ರೊಬ್ಲೆವ್ಸ್ಕಿ, ಆರ್ಥರ್ ಕಾರ್ಮೆನ್ ಒಂದು ವಿಷಯ ಪ್ರಕಟಿಸಿದರು: ಹೃದಯದ ಸ್ನಾಯು ಸತ್ತಾಗ ಈ ಎಂಜೈಮ್ ರಕ್ತಕ್ಕೆ ಸೋರತ್ತೆ. ಲಿವರ್‌ಗೆ ಪೆಟ್ಟಾದಾಗಲೂ ಅದು ಏರತ್ತೆ ಅಂತ ಬೇಗನೇ ಗೊತ್ತಾಯ್ತು. ಲಿವರ್‌ನಲ್ಲೇ ಹೆಚ್ಚಾಗಿರೋ ಎಸ್‌ಜಿಪಿಟಿ ಬಗ್ಗೆ 1956ರಲ್ಲಿ ವರದಿ ಬಂತು. ಇವತ್ತು ಇವೆರಡಕ್ಕೂ ಎಎಸ್‌ಟಿ, ಎಎಲ್‌ಟಿ ಅಂತಾರೆ.

ಈ ಹಳೇ ಕಥೆ ವಾರ್ಡಿನ ನರ್ಸ್‌ಗೆ ಇವತ್ತೂ ಬೇಕು. ಎಎಸ್‌ಟಿ ಹೃದಯದಲ್ಲಿ, ಮಾಂಸಖಂಡದಲ್ಲಿ, ಕೆಂಪು ರಕ್ತಕಣದಲ್ಲೂ ಇದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಸಾಕು, ಲಿವರ್ ಚೆನ್ನಾಗಿದ್ದರೂ ಎಎಸ್‌ಟಿ ಜಾಸ್ತಿ ತೋರಿಸತ್ತೆ. ಎಎಸ್‌ಟಿ ಮಾತ್ರ ಏರಿ ಎಎಲ್‌ಟಿ ಸರಿ ಇದ್ರೆ, ಸ್ಯಾಂಪಲ್ ಹೇಗಿತ್ತು, ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ಮೊದಲು ಕೇಳಬೇಕು.

ಇನ್ನೊಂದು ಗೊಂದಲ ಹೆಸರಿನಲ್ಲೇ ಇದೆ. 'ಲಿವರ್ ಫಂಕ್ಷನ್ ಟೆಸ್ಟ್' ಅಂತೀವಿ, ಆದರೆ ಈ ಎರಡು ಎಂಜೈಮ್ ಹೇಳೋದು ಪೆಟ್ಟಿನ ಕಥೆ, ಕೆಲಸದ ಕಥೆ ಅಲ್ಲ. ಲಿವರ್ ಕೆಲಸ ಮಾಡ್ತಿದೆಯಾ ಅಂತ ಹೇಳೋ ಟೆಸ್ಟ್‌ಗಳು ಇನ್ನೂ ಹಳೆಯವು. 1916ರಲ್ಲೇ ಡಚ್ ವೈದ್ಯ ವಾನ್ ಡೆನ್ ಬರ್ಗ್ ಮತ್ತು ಮ್ಯೂಲರ್ ಬಿಲಿರುಬಿನ್‌ನ ಎರಡು ಬಗೆ ಗುರುತಿಸಿದ್ದರು. 1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಪ್ರೋಥ್ರಾಂಬಿನ್ ಟೈಮ್ ತಂದರು. ಇವತ್ತಿನ ಐಎನ್‌ಆರ್ ಅದರಿಂದಲೇ ಬಂದದ್ದು.

ಬಿಕಾಂ ಓದಿದ ನನಗೆ ಇದು ಹೀಗೆ ಅರ್ಥವಾಗತ್ತೆ: ಗೋಡೌನ್ ಸೋರಿಕೆ ನಿಂತಿದ್ರೆ ರಿಪೇರಿ ಆಗಿರಬಹುದು, ಇಲ್ಲಾ ಸರಕೇ ಖಾಲಿಯಾಗಿರಬಹುದು. ಲಿವರ್ ಪೂರ್ತಿ ಸೋಲ್ತಾ ಇರೋ ರೋಗಿಯಲ್ಲಿ ಸಾವಿರಗಳಲ್ಲಿದ್ದ ಎಎಲ್‌ಟಿ ಸರ್ರನೆ ಇಳಿಯಬಹುದು. ಮನೆಯವರು 'ನಂಬರ್ ಕಮ್ಮಿ ಆಯ್ತು ಸಿಸ್ಟರ್' ಅಂತ ಖುಷಿಪಡ್ತಾರೆ. ಆದರೆ ಅದೇ ಹೊತ್ತಿಗೆ ಐಎನ್‌ಆರ್, ಬಿಲಿರುಬಿನ್ ಏರ್ತಿದ್ರೆ, ರೋಗಿ ಮಂಕಾಗಿ ತಡವರಿಸಿ ಮಾತಾಡ್ತಿದ್ರೆ, ಸೋರೋಕೆ ಜೀವಕೋಶಗಳೇ ಉಳಿದಿಲ್ಲ ಅಂತ ಅರ್ಥ. ಆಗ ಸಿಸ್ಟರ್ ಮುಂದಿನ ರೌಂಡ್ಸ್‌ಗೆ ಕಾಯಬಾರದು. ಶುಗರ್ ನೋಡಿ, ಡಾಕ್ಟರನ್ನ ತಕ್ಷಣ ಕರೀಬೇಕು.

ರಿಪೋರ್ಟಿನ ಒಂದೇ ಸಾಲು ನೋಡಿ ಸಮಾಧಾನ ಹೇಳೋದು ಸುಲಭ. ಎಲ್ಲ ಸಾಲನ್ನೂ ರೋಗಿಯ ಮುಖದ ಜೊತೆ ಓದೋದೇ ನರ್ಸಿಂಗ್. ಮುಂದಿನ ಎಪಿಸೋಡಲ್ಲಿ ಸಿಗೋಣ.