ಕುದುರೆಮುಖ ಶಿಖರ: ಭೌಗೋಳಿಕ ವಿವರ ಹಾಗೂ ಚಾರಣ ಪ್ರವೇಶ ಕುರಿತು ಸಾರ್ವಜನಿಕ ಮಾಹಿತಿ

ಕುದುರೆಮುಖ ಶಿಖರವು ಪಶ್ಚಿಮ ಘಟ್ಟ ಶ್ರೇಣಿಯಲ್ಲಿ, ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದಲ್ಲಿರುತ್ತದೆ. ಶಿಖರವೂ ಅದಕ್ಕೆ ಹೋಗುವ ಕಾಲುದಾರಿಯೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಒಳಪಟ್ಟಿರುವುದರಿಂದ ಪೂರ್ವಾನುಮತಿಯಿಲ್ಲದೆ ಪ್ರವೇಶಕ್ಕೆ ಅವಕಾಶವಿರುವುದಿಲ್ಲ. ಕೆಂಗೇರಿ, ವಿಜಯನಗರ, ರಾಜಾಜಿನಗರ ಮುಂತಾದ ಬೆಂಗಳೂರು ಪಶ್ಚಿಮ ಭಾಗದ ಅನೇಕ ನಾಗರಿಕರು ವಾರಾಂತ್ಯದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಟ್ಟದ ಬುಡ ತಲುಪಿದ ನಂತರವೇ ಅನುಮತಿಯ ವಿಷಯ ತಿಳಿದು ಹಿಂದಿರುಗುವ ಸಂದರ್ಭಗಳಿರುತ್ತವೆ. ಆದುದರಿಂದ ಅರ್ಜಿ ಸಲ್ಲಿಸುವ ಮೊದಲು ಈ ಕೆಳಗಿನ ವಿವರಗಳನ್ನು ಗಮನಿಸುವುದು.

ಒಂದೇ ಹೆಸರಿನ ಎರಡು ಸ್ಥಳಗಳು

ಕುದುರೆಮುಖ ಎಂಬ ಹೆಸರು ಶಿಖರಕ್ಕೂ ಇದೆ, ಗಣಿ ಪಟ್ಟಣಕ್ಕೂ ಇದೆ. ಇವೆರಡೂ ಬೇರೆ ಬೇರೆ. ಅರಬ್ಬೀ ಸಮುದ್ರದ ಕಡೆಯಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುವುದರಿಂದ ಶಿಖರಕ್ಕೆ ಈ ಹೆಸರು ಬಂದಿರುತ್ತದೆ. ಪಟ್ಟಣವಾದರೋ 1976ರಲ್ಲಿ ಸ್ಥಾಪನೆಗೊಂಡ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ನೌಕರರಿಗಾಗಿ ಭದ್ರಾ ನದಿಯ ಬಳಿ ನಿರ್ಮಿತವಾದುದು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನೀಡಿದ ಆದೇಶದ ಮೇರೆಗೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ಸ್ಥಗಿತಗೊಂಡಿತು. ಆದರೂ ಪಟ್ಟಣದ ಹೆಸರು ನಕ್ಷೆಗಳಲ್ಲಿ ಹಾಗೆಯೇ ಉಳಿದಿದೆ.

ಚಾರಣಿಗರು ಗಮನಿಸಬೇಕಾದುದೇನೆಂದರೆ, ಶಿಖರದ ದಾರಿ ಪಟ್ಟಣದಿಂದ ಆರಂಭವಾಗುವುದಿಲ್ಲ. ಕಳಸ ಮತ್ತು ಕುದುರೆಮುಖ ಪಟ್ಟಣಗಳ ನಡುವೆ ಇರುವ ಸಂಸೆಯ ಬಳಿ ಮುಖ್ಯರಸ್ತೆಯನ್ನು ಬಿಟ್ಟು, ಬಾಳೆಗಲ್ ಕಡೆಯಿಂದ ಮುಳ್ಳೋಡಿ ಎಂಬ ಹಳ್ಳಿಗೆ ಹೋಗತಕ್ಕದ್ದು. ಮೊಬೈಲ್ ನಕ್ಷೆಯಲ್ಲಿ ಬರಿದೆ ‘ಕುದುರೆಮುಖ’ ಎಂದು ಹುಡುಕಿ ವಾಹನ ಚಲಾಯಿಸಿದವರು ಗಣಿ ಪಟ್ಟಣ ಸೇರುವ ಸಾಧ್ಯತೆ ಹೆಚ್ಚು.

ಉದ್ಯಾನದ ಸ್ವರೂಪ

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಪ್ರದೇಶದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಇದು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಡಾ. ಕೆ. ಉಲ್ಲಾಸ ಕಾರಂತರು 1983–84ರಲ್ಲಿ ಸಿಂಗಳೀಕಗಳ ನೆಲೆಗಳನ್ನು ಕುರಿತು ನಡೆಸಿದ ಸಮೀಕ್ಷೆಯು ಉದ್ಯಾನದ ರಚನೆಗೆ ಆಧಾರವಾಯಿತು. ಹುಲಿ, ಚಿರತೆ, ಕಾಟಿ, ಕಡವೆ, ಕರಡಿ, ಕಾಳಿಂಗಸರ್ಪ ಮುಂತಾದವು ಇಲ್ಲಿವೆ. ಚಾರಣಿಗರಿಗೆ ಇವು ಕಾಣಿಸುವುದು ಅಪರೂಪ. ಹಾಗೆಂದು ಇಲ್ಲವೆಂದು ಭಾವಿಸತಕ್ಕದ್ದಲ್ಲ.

ಪಶ್ಚಿಮದ ಕಡೆ ಬೆಟ್ಟಗಳು ಕರಾವಳಿಯತ್ತ ಕಡಿದಾಗಿ ಇಳಿಯುತ್ತವೆ. ಪೂರ್ವಕ್ಕೆ ಅಲೆಅಲೆಯಾಗಿ ಮಲೆನಾಡಿನ ಕಣಿವೆಗಳೊಡನೆ ಸೇರುತ್ತವೆ. ಮುಂಗಾರು ಮೋಡಗಳನ್ನು ಮೊದಲು ತಡೆಯುವುದು ಈ ಗೋಡೆಯೇ ಆದುದರಿಂದ ವಾರ್ಷಿಕ ಮಳೆ ಸರಾಸರಿ 7,000 ಮಿಲಿಮೀಟರ್‌ನಷ್ಟಿದೆ. ಬೆಂಗಳೂರಿನ ವಾರ್ಷಿಕ ಮಳೆ ಇದರ ಏಳರಲ್ಲೊಂದು ಭಾಗದಷ್ಟು ಮಾತ್ರ ಎಂಬುದನ್ನು ನೆನೆದರೆ ಇದರ ಅಂದಾಜು ಸಿಗಬಹುದು.

ಎತ್ತರದ ಇಳಿಜಾರುಗಳಲ್ಲಿ ಹುಲ್ಲು, ಇಳಿಜಾರುಗಳ ನಡುವಿನ ಮಡಿಕೆಗಳಲ್ಲಿ ದಟ್ಟವಾದ ಕುಳ್ಳು ಮರಗಳ ಕಾಡು: ಇದು ಇಲ್ಲಿನ ನೆಲದ ವಿಶೇಷ ರಚನೆ. ಈ ಮಡಿಕೆಯ ಕಾಡುಗಳನ್ನು ಶೋಲಾ ಎಂದು ಕರೆಯುತ್ತಾರೆ. ದೂರದಿಂದ ನೋಡಿದವರಿಗೆ ಮರವಿಲ್ಲದ ಹುಲ್ಲಿನ ಭಾಗವು ಕಡಿದು ಹಾಳಾದ ಕಾಡಿನಂತೆ ತೋರಬಹುದು. ಅದು ತಪ್ಪು ಗ್ರಹಿಕೆ. ಹುಲ್ಲೂ ಶೋಲೆಯೂ ಕೂಡಿಯೇ ಮಳೆನೀರನ್ನು ಹಿಡಿದಿಟ್ಟು, ಮಳೆಗಾಲ ಮುಗಿದ ಮೇಲೂ ತಿಂಗಳುಗಟ್ಟಲೆ ಹಳ್ಳಗಳಿಗೆ ಬಿಟ್ಟುಕೊಡುತ್ತವೆ. ಉದ್ಯಾನದೊಳಗಿನ ಗಂಗಾಮೂಲವನ್ನು ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಪರಿಗಣಿಸಲಾಗಿದೆ. ಮೊದಲೆರಡು ನದಿಗಳು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸಂಗಮಿಸಿ ಪೂರ್ವಕ್ಕೂ, ನೇತ್ರಾವತಿಯು ಮಂಗಳೂರಿನ ಕಡೆಗೂ ಹರಿಯುತ್ತವೆ.

ಈ ಹುಲ್ಲಿನ ಕೆಳಗಿನ ಮಣ್ಣಿನ ಪದರ ಸೂಕ್ಷ್ಮವಾದುದು. ಕಾಲುದಾರಿ ಬಿಟ್ಟು ಹತ್ತಾರು ಜನರು ಅಡ್ಡದಾರಿ ಹಿಡಿದರೆ ಹುಲ್ಲಿನ ಬೇರು ಸಡಿಲಗೊಂಡು, ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಬೀಳುತ್ತದೆ. ದಿನವೊಂದಕ್ಕೆ ಇಂತಿಷ್ಟೇ ಜನರೆಂಬ ಮಿತಿ ಏಕೆ ಎಂದು ಪ್ರಶ್ನಿಸುವ ಅರ್ಜಿದಾರರು ಇದನ್ನು ಪರಿಗಣಿಸುವುದು ಉಚಿತ.

ಕಾನೂನಿನ ಅವಕಾಶ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27ರಂತೆ ಅನುಮತಿ ಪತ್ರ ಹೊಂದಿರದ ವ್ಯಕ್ತಿಯ ಪ್ರವೇಶ ನಿರ್ಬಂಧಿತವಾಗಿದೆ. ಪ್ರಕರಣ 28ರಲ್ಲಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸೋದ್ಯಮ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಲು ಅವಕಾಶವಿದೆ. ಈ ಎರಡೂ ಪ್ರಕರಣಗಳು ಅಭಯಾರಣ್ಯಗಳಿಗಷ್ಟೇ ಅಲ್ಲ, ಪ್ರಕರಣ 35ರ ಮೂಲಕ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ. ಬೆಂಕಿ ಹಚ್ಚುವುದು ಹಾಗೂ ಆಯುಧ ಸಹಿತ ಪ್ರವೇಶ ಕ್ರಮವಾಗಿ ಪ್ರಕರಣ 30 ಮತ್ತು 31ರನ್ವಯ ನಿಷಿದ್ಧ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ 3 ವರ್ಷಗಳವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಗೊತ್ತಿಲ್ಲದೆ ಒಳಗೆ ಬಂದೆವು ಎಂಬ ಸಬೂಬು ಇದರಿಂದ ಪಾರುಮಾಡುವುದಿಲ್ಲ.

ಕೆಂಗೇರಿಯ ಸಮೀಪದ ಬನ್ನೇರುಘಟ್ಟವೂ ರಾಷ್ಟ್ರೀಯ ಉದ್ಯಾನವೇ ಆಗಿದ್ದು, ಅಲ್ಲಿನ ಅರಣ್ಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಅರ್ಜಿ ಸಲ್ಲಿಸುವ ಬಗೆ

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಪ್ರಸಂಗದ ತರುವಾಯ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ರಾಜ್ಯದಲ್ಲಿ ತಾತ್ಕಾಲಿಕವಾಗಿ ಮುಚ್ಚಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಚಾಲನೆಗೆ ಬಂದಿತು. ಕುದುರೆಮುಖ ಶಿಖರಕ್ಕೆ ದಿನವೊಂದಕ್ಕೆ ಗರಿಷ್ಠ 300 ಜನರಿಗೆ ಪ್ರವೇಶ ನಿಗದಿಪಡಿಸಲಾಗಿದೆ. ಶನಿವಾರ, ಭಾನುವಾರ ಹಾಗೂ ಸಾಲು ರಜೆಗಳ ಸ್ಥಾನಗಳು ಬೇಗನೆ ತುಂಬುವುದರಿಂದ, ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳುವುದು ಸೂಕ್ತ. ಶುಲ್ಕದ ಮೊತ್ತವು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಸದರಿ ಜಾಲತಾಣದಲ್ಲಿ ತೋರಿಸಿರುವ ಮೊತ್ತವನ್ನೇ ಅಂತಿಮವೆಂದು ಭಾವಿಸತಕ್ಕದ್ದು.

ಅರ್ಜಿಯಲ್ಲಿ ನಮೂದಿಸಿದ ಹೆಸರು ಮತ್ತು ಗುರುತಿನ ಚೀಟಿಯಲ್ಲಿರುವ ಹೆಸರು ಒಂದೇ ಆಗಿರಬೇಕು. ಮೂಲ ಗುರುತಿನ ಚೀಟಿಯನ್ನು ಜೊತೆಯಲ್ಲಿ ಒಯ್ಯುವುದು. ಪ್ರವಾಸ ಏರ್ಪಡಿಸುವ ಖಾಸಗಿ ಸಂಸ್ಥೆಗೆ ಹಣ ಪಾವತಿಸಿದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ತಮ್ಮ ಹೆಸರಿನಲ್ಲಿ ಪ್ರವೇಶ ಪತ್ರ ಬಂದಿದೆಯೇ ಎಂಬುದನ್ನು ಹೊರಡುವ ಮೊದಲೇ ಕೇಳಿ ಪಡೆದುಕೊಳ್ಳುವುದು ನಾಗರಿಕರ ಹಿತದೃಷ್ಟಿಯಿಂದ ಅಗತ್ಯ.

ತಲುಪುವ ಮಾರ್ಗ

ಬೆಂಗಳೂರಿನಿಂದ ಕಳಸಕ್ಕೆ ಸುಮಾರು 330 ಕಿಲೋಮೀಟರ್. ಕಳಸ, ಹೊರನಾಡಿಗೆ ಹೋಗುವ ಕ.ರಾ.ರ.ಸಾ. ನಿಗಮದ ರಾತ್ರಿ ಬಸ್ಸುಗಳು ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಿಂದ ಹೊರಡುತ್ತವೆ. ಕೆಂಗೇರಿಯವರು ನೇರಳೆ ಮಾರ್ಗದ ಮೆಟ್ರೋ ರೈಲಿನಲ್ಲಿ ನೇರವಾಗಿ ಮೆಜೆಸ್ಟಿಕ್ ತಲುಪಬಹುದು. ಕೆಂಗೇರಿ ರೈಲು ನಿಲ್ದಾಣವು ಮೈಸೂರು ಮಾರ್ಗದಲ್ಲಿರುವುದರಿಂದ ಈ ಪ್ರಯಾಣಕ್ಕೆ ಉಪಯುಕ್ತವಲ್ಲ.

ಸಂಸೆಯಿಂದ ಮುಂದಿನ ಮುಳ್ಳೋಡಿಯ ರಸ್ತೆ ಕಚ್ಚಾ ಹಾಗೂ ಕಡಿದಾಗಿದ್ದು, ಸಾಮಾನ್ಯ ಕಾರುಗಳು ಏರಲಾರವು. ಸ್ಥಳೀಯರು ಜೀಪುಗಳನ್ನು ಬಾಡಿಗೆಗೆ ಓಡಿಸುತ್ತಾರೆ. ಜೀಪಿನ ಬಾಡಿಗೆಯು ಇಲಾಖೆಯ ಶುಲ್ಕದಲ್ಲಿ ಸೇರಿರುವುದಿಲ್ಲ. ಹತ್ತುವ ಮೊದಲೇ ಮಾತನಾಡಿಕೊಳ್ಳುವುದು ಲೇಸು. ಕಾರ್ಕಳದ ಕಡೆಯಿಂದ ಬರುವವರು ಉದ್ಯಾನದೊಳಗಿನ ರಸ್ತೆಯಲ್ಲಿ ಮನಬಂದಲ್ಲಿ ವಾಹನ ನಿಲ್ಲಿಸುವಂತಿಲ್ಲ.

ದಾರಿ ಮತ್ತು ಕಾಲ

ಮುಳ್ಳೋಡಿಯಿಂದ ಶಿಖರಕ್ಕೆ ಒಂದು ಬದಿಗೆ ಸುಮಾರು 9ರಿಂದ 10 ಕಿಲೋಮೀಟರ್. ಹೋಗಿ ಬರಲು ಸಾಧಾರಣ ನಡಿಗೆಯವರಿಗೆ 8 ಗಂಟೆಯಾದರೂ ಬೇಕು. ಮೊದಲಿಗೆ ಹಳ್ಳಗಳನ್ನೂ ಶೋಲಾ ಕಾಡಿನ ತುಣುಕುಗಳನ್ನೂ ದಾಟಿ, ಒಂಟಿಮರವೆಂದು ಹೆಸರಾದ ಸ್ಥಳದ ನಂತರ ಬಯಲು ಹುಲ್ಲಿನ ಏರು ದೊರೆಯುತ್ತದೆ. ಅಲ್ಲಿಂದ ಮುಂದೆ ಹಲವೆಡೆ ನೆರಳಿಲ್ಲ. ಕೊನೆಯ ಏರು ಕಡಿದಾಗಿದೆ. ತುದಿಯಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣದು. ಪಶ್ಚಿಮದ ಅಂಚು ಪ್ರಪಾತವಾಗಿರುವುದರಿಂದ ಛಾಯಾಚಿತ್ರಕ್ಕಾಗಿ ಅಂಚಿಗೆ ಹೋಗತಕ್ಕದ್ದಲ್ಲ.

ಮೊದಲು ಚಾರಣಿಗರು ಮೇಲೆ ರಾತ್ರಿ ತಂಗುತ್ತಿದ್ದರು. ಈಗ ಗುಡಾರ ಹೂಡಲು ಅವಕಾಶವಿಲ್ಲ. ಬೆಳಿಗ್ಗೆ ಹತ್ತಿ ಕತ್ತಲಾಗುವ ಮೊದಲು ಇಳಿಯಲೇಬೇಕು. ಹಳೆಯ ಪ್ರವಾಸ ಪುಸ್ತಕಗಳಲ್ಲಿರುವ ತಂಗುವ ಜಾಗಗಳ ವಿವರಗಳನ್ನು ನಂಬಿ ಹೊರಡಬಾರದು.

ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಅನುಕೂಲಕರ. ಮುಂಗಾರಿನಲ್ಲಿ ಬೆಟ್ಟ ಅತ್ಯಂತ ಹಸಿರಾಗಿರುವುದು ನಿಜವಾದರೂ, ಬೆಳಿಗ್ಗೆ ಮೊಣಕಾಲುದ್ದ ದಾಟಿದ ಹಳ್ಳ ಮಧ್ಯಾಹ್ನದ ಮಳೆಗೆ ಎದೆಮಟ್ಟ ಏರಬಲ್ಲದು. ಅಂತಹ ಸಂದರ್ಭದಲ್ಲಿ ನೀರು ಇಳಿಯುವವರೆಗೆ ಕಾಯುವುದೇ ಸರಿ. ಇಂಬಳಗಳು ವಿಪರೀತ, ಉಪ್ಪು ಅಥವಾ ಸುಣ್ಣ ಒಯ್ಯುವುದು. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭೀತಿ ಇರುವುದರಿಂದ ಬೇಸಿಗೆಯಲ್ಲಿ ಚಾರಣವನ್ನು ನಿಲ್ಲಿಸುವ ಸಾಧ್ಯತೆ ಇರುತ್ತದೆ. ಒಂದು ಬೀಡಿಯ ಕಿಡಿ ಇಡೀ ಇಳಿಜಾರಿಗೆ ಸಾಕು. ಏಕಬಳಕೆ ಪ್ಲಾಸ್ಟಿಕ್, ಮದ್ಯ, ಬೆಂಕಿಪೊಟ್ಟಣ ಒಯ್ಯುವಂತಿಲ್ಲ.

ದಾರಿಯ ಬಹುಭಾಗದಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚುವಂತಿಲ್ಲವಾದ ಕಾರಣ ಹೃದ್ರೋಗ, ಉಬ್ಬಸ ಇರುವವರು ವೈದ್ಯರ ಸಲಹೆ ಪಡೆದು, ಔಷಧಿಯನ್ನು ತಮ್ಮ ಬಳಿಯೇ ಇರಿಸಿಕೊಂಡು, ತಂಡ ಬಿಟ್ಟು ಅಗಲದೆ ನಡೆಯತಕ್ಕದ್ದು. ಪೆಟ್ಟಾದವರನ್ನು ಮುಳ್ಳೋಡಿಯವರೆಗೆ ಹೊತ್ತು ತರುವುದರ ಹೊರತು ಬೇರೆ ದಾರಿಯಿಲ್ಲ.

ಸಂಶೋಧನೆ ಅಥವಾ ಚಲನಚಿತ್ರ ಚಿತ್ರೀಕರಣಕ್ಕೆ ಚಾರಣದ ಪ್ರವೇಶ ಪತ್ರ ಸಾಲದು. ಅಂತಹವರು ಮುಖ್ಯ ವನ್ಯಜೀವಿ ಪರಿಪಾಲಕರು, ಅರಣ್ಯ ಭವನ, ಮಲ್ಲೇಶ್ವರಂ, ಬೆಂಗಳೂರು ಇವರಿಗೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಉದ್ಯಾನದ ಆಡಳಿತವು ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಸೇರಿದೆ. ಕಾಡಿನಲ್ಲಿ ಬೆಂಕಿ ಕಂಡಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಇತರೆ ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡುವುದು.