ಅಂಗಡಿಯ ಬಸದಿಗಳೂ ವಾಸಂತಿಕಾ ದೇವಿಯೂ

ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಐವತ್ತು ಮನೆಗಳಿಲ್ಲದ ಹಳ್ಳಿಯಲ್ಲಿಯೂ ಏಳೆಂಟು ನೂರು ವರ್ಷಗಳ ಕಲ್ಲಿನ ಇಗರ್ಜಿಯೊಂದು ನಿಂತಿರುವುದುಂಟು. ಊರಿನ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಅಲ್ಲಿ ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಹೀಗೆ ಪೂಜೆಯೂ ದಾಖಲೆಯೂ ಒಂದೇ ಸೂರಿನ ಕೆಳಗೆ ಉಳಿದುವು. ನಮ್ಮಲ್ಲಿ ಇವೆರಡೂ ಅಗಲಿಹೋದ ಊರುಗಳೇ ಹೆಚ್ಚು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅಂಥದೊಂದು.

ಕಾಫಿ ತೋಟಗಳ ನಡುವಣ ಈ ಚಿಕ್ಕ ಊರೇ ಶಾಸನಗಳ ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ, ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊಯ್ಸಳರ ಮೂಲಸ್ಥಾನವಿದು. ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಮೇಲೆ ಬಿದ್ದಾಗ ಜೈನಮುನಿಯು “ಪೊಯ್ ಸಳ” ಎಂದು ಕೂಗಲು, ಸಳನು ಅದನ್ನು ಹೊಡೆದು ಕೊಂದನೆಂಬ ಕಥೆಯನ್ನು ಶ್ರೋತೃಗಳು ಬಾಲ್ಯದಿಂದಲೂ ಕೇಳಿಯೇ ಇರುವರು. ಬೇಲೂರಿನ ಶಿಲ್ಪದಲ್ಲಿ ಆ ಹುಲಿ ಸಿಂಹವಾಗಿದೆ! ಮಲೆನಾಡಿಗೆ ಸಿಂಹವನ್ನು ಶಿಲ್ಪಿಯಲ್ಲದೆ ಮತ್ತಾರು ತಂದಾರು?

ಕಥೆ ರಮ್ಯವಾದುದು. ಆದರೆ ಇದು ಲಿಖಿತರೂಪದಲ್ಲಿ ನಮಗೆ ಮೊದಲು ದೊರೆಯುವುದು ವಿಷ್ಣುವರ್ಧನನ ಕಾಲದಲ್ಲಿ, 1117ರ ಬೇಲೂರಿನ ಶಾಸನದಲ್ಲಿ. ಅಷ್ಟರಲ್ಲಿ ರಾಜಧಾನಿ ಬೆಟ್ಟವಿಳಿದು ಬೇಲೂರಿಗೂ ದ್ವಾರಸಮುದ್ರಕ್ಕೂ ಬಂದಿತ್ತು. ಪೊಯ್ಸಳ ಎಂಬ ಹೆಸರಾದರೋ ವಿಷ್ಣುವರ್ಧನನ ಅಜ್ಜನಾದ ವಿನಯಾದಿತ್ಯನ ಕಾಲಕ್ಕೇ ರೂಢಿಯಲ್ಲಿತ್ತು. ಹೆಸರು ಮೊದಲು, ಅದನ್ನು ವಿವರಿಸುವ ಕಥೆ ಅನಂತರ ಹುಟ್ಟಿತೆಂದೇ ನನ್ನ ಅಭಿಪ್ರಾಯ. ಮಲೆಯ ಪಾಳೆಯಗಾರರನ್ನು ಅಡಗಿಸಿ “ಮಲೆಪರೊಳ್ ಗಂಡ” ಎನಿಸಿಕೊಂಡ ಮನೆತನಕ್ಕೆ, ರಾಜ್ಯ ವಿಸ್ತಾರವಾದಮೇಲೆ, ದೇವತೆಯೂ ಮುನಿಯೂ ಸಾಕ್ಷಿಯಾಗಿರುವ ವಂಶಾವಳಿಯೊಂದು ಬೇಕಾಯಿತು.

ಹಾಗಾದರೆ ಅಂಗಡಿಯ ಹಿರಿಮೆ ಬರಿಯ ಕಟ್ಟುಕಥೆಯೆ? ಅಲ್ಲ. ಬಹುಕಾಲ ಪಾಳುಬಿದ್ದಿದ್ದ ಇಲ್ಲಿನ ಬಸದಿಗಳ ಆವರಣವನ್ನು ನೋಡಬೇಕು. ವಿನಯಾದಿತ್ಯನ ಗುರು ಶಾಂತಿದೇವನು 1062ರಲ್ಲಿ ಈ ಊರಿನಲ್ಲಿ ದೇಹತ್ಯಾಗ ಮಾಡಿದುದನ್ನು ಇಲ್ಲಿಯ ಶಾಸನ ತಿಳಿಸುತ್ತದೆ. ಆ ಗುರುವಿನ ಪಾದಸೇವೆಯಿಂದ ವಿನಯಾದಿತ್ಯನಿಗೆ ರಾಜ್ಯಲಕ್ಷ್ಮಿ ಒಲಿದಳೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೂ ಹೇಳುತ್ತದೆ. ಹುಲಿಯಿಲ್ಲ, ಬೆತ್ತವಿಲ್ಲ; ಅರಸನೊಬ್ಬ, ಗುರುವೊಬ್ಬ, ವರ್ಷವೊಂದು. ನಾರ್ಮನ್ನರು ಇಂಗ್ಲೆಂಡಿಗೆ ದಾಟಿದುದು ಇದಾದ ನಾಲ್ಕು ವರ್ಷಗಳ ಮೇಲೆ. ಆ ದೇಶದ ಹಳ್ಳಿಗಳನ್ನು ಎಣಿಸಿ ಬರೆಸಿದುದು 1086ರಲ್ಲಿ. ನಮ್ಮ ಹಳ್ಳಿಯ ಕಡತ ಅದಕ್ಕಿಂತ ಹಳೆಯದು, ಮೇಲಾಗಿ ಕಲ್ಲಿನದು.

ಮುನಿಯೂ ಅರಸನೂ ಕೂಡಿದ್ದರೆಂಬಷ್ಟು ಮಟ್ಟಿಗೆ ಕಥೆಯ ಒಡಲಿನಲ್ಲಿಯೂ ಸತ್ಯವಿದೆಯೆಂದಾಯಿತು. ಅದನ್ನು ಕೈಬಿಡಬೇಕಾಗಿಲ್ಲ, ಶಾಸನದ ಮುಂದೆ ನಿಲ್ಲಿಸದೆ ಹಿಂದೆ ಕುಳ್ಳಿರಿಸಿದರೆ ಸಾಕು.

ರೈಸ್ ಸಾಹೇಬರು ಈ ಶಾಸನಗಳನ್ನು ಪ್ರತಿಮಾಡಿಸಿ ಕಡೂರು ಜಿಲ್ಲೆಯ ಸಂಪುಟದಲ್ಲಿ ಅಚ್ಚುಹಾಕಿಸಿದುದು 1901ರಲ್ಲಿ. ಅಂದಿನಿಂದ ವಿದ್ವಾಂಸರು ಬಸದಿಗಳ ಕಡೆಗೆ ನಡೆದರು. ಊರವರ ದಾರಿ ಮಾತ್ರ ಹಿಂದಿನಂತೆ ದೇವಿಯ ಗುಡಿಗೇ. ವಾಸಂತಿಕೆ ಅವರ ಬಾಯಲ್ಲಿ ವಸಂತಮ್ಮ. ವಿನಯಾದಿತ್ಯನ ಹೆಸರನ್ನೇ ಕೇಳದವರೂ ಆಕೆಗೆ ಹಣ್ಣುಕಾಯಿ ಮಾಡಿಸಿಕೊಂಡು ಹೋಗುತ್ತಾರೆ.